ಹಂಚಿನ ಮನೆಯ ಚಾವಡಿಗೆ ಯಾವ ಲೆನ್ಸ್?

ಪ್ರಶ್ನೆ: ನಮ್ಮದು ಬಾರ್ಕೂರಿನ ಹಳೆಯ ಹಂಚಿನ ಮನೆ. ಕ್ಯಾನನ್ 1500ಡಿ ಕ್ಯಾಮೆರಾ ಇದೆ, ಅದರ ಜೊತೆಗೇ ಬಂದ 18–55 ಲೆನ್ಸ್ ಇದೆ. ಅಂಗಳದಲ್ಲಿ ತೆಗೆದ ಫೋಟೊ ಚೆನ್ನಾಗಿ ಬರುತ್ತದೆ. ಮನೆಯೊಳಗೆ ತೆಗೆದದ್ದು ಮಾತ್ರ ಒಂದೋ ಶೇಕ್ ಆಗಿರುತ್ತದೆ, ಇಲ್ಲವೇ ಫ್ಲ್ಯಾಶ್ ಬಿದ್ದು ಮುಖ ಬಿಳಿಚಿಕೊಂಡಿರುತ್ತದೆ. ಅತ್ತೆಯವರಿಗೆ ಎಂಬತ್ತು ದಾಟಿದೆ, ಮಕ್ಕಳಿಬ್ಬರೂ ಸಣ್ಣವರು. ಇವರ ಒಳ್ಳೆಯ ಫೋಟೊ ಬೇಕೆಂಬುದು ಆಸೆ. ಹನ್ನೆರಡು ಸಾವಿರ ರೂಪಾಯಿಯೊಳಗೆ ಯಾವ ಲೆನ್ಸ್ ತೆಗೆದುಕೊಳ್ಳಲಿ? ಒಬ್ಬರು 50 ಎಂಎಂ ಅನ್ನುತ್ತಾರೆ, ಇನ್ನೊಬ್ಬರು 55–250 ಅನ್ನುತ್ತಾರೆ, ಮತ್ತೊಬ್ಬರು ಕ್ಯಾಮೆರಾವನ್ನೇ ಬದಲಿಸಿ ಎನ್ನುತ್ತಾರೆ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುತ್ತದೆಂಬ ಹೆದರಿಕೆ ಬೇರೆ.
— ಓದುಗರು, ಬಾರ್ಕೂರು

ಉತ್ತರ: ಕಾಯಿಸದೆ ಹೇಳುತ್ತೇನೆ. ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ತೆಗೆದುಕೊಳ್ಳಿ. 18–55 ಅನ್ನು ಮಾರಬೇಡಿ, ಅದಕ್ಕೂ ಕೆಲಸ ಇದೆ. ಕ್ಯಾಮೆರಾ ಬದಲಿಸುವ ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ. ಆದರೆ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ದಿನ ಸಣ್ಣ ಪರೀಕ್ಷೆ ಮಾಡಿ ನೋಡಬೇಕು. ಅದರಲ್ಲಿ ಬೇರೆ ಉತ್ತರ ಬಂದರೆ ನನ್ನ ಮಾತು ಬಿಟ್ಟು ಆ ಉತ್ತರವನ್ನೇ ನಂಬಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಎಷ್ಟೋ ಮನೆಗಳಿಗೆ ಇದೇ ಪ್ರಶ್ನೆ ಇರುವುದರಿಂದ ಕಾರಣಗಳನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಕಡೆಯ ಹಳೆಯ ಮನೆಗಳನ್ನು ಕಟ್ಟಿದ್ದೇ ಮಳೆ ಬಿಸಿಲು ಎರಡನ್ನೂ ಹೊರಗಿಡುವುದಕ್ಕೆ. ಮಾಡು ಜಗಲಿಯ ತನಕ ಕೆಳಗಿಳಿದಿರುತ್ತದೆ, ಗೋಡೆ ದಪ್ಪ, ಕಿಟಕಿ ಸಣ್ಣದು, ನೆಲ ಕೆಂಪು ಅಥವಾ ಕಪ್ಪು. ಹೊರಗಿನಿಂದ ಬಂದ ಬೆಳಕು ಚಾವಡಿ ದಾಟಿ ಒಳಕೋಣೆ ಮುಟ್ಟುವಷ್ಟರಲ್ಲಿ ಬಹುಪಾಲು ಕರಗಿರುತ್ತದೆ. ಕತ್ತಲೆ ಬಸದಿ ಇರುವ ಊರಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಹೊರಗೆ ಕಣ್ಣು ಕೋರೈಸುವ ಬಿಸಿಲಿದ್ದರೂ ಕಲ್ಲಿನ ಕಂಬ ದಾಟಿ ಒಳಗೆ ಕಾಲಿಟ್ಟ ಕೂಡಲೇ ಮಬ್ಬು. ನಮ್ಮ ಕಣ್ಣು ಆ ಮಬ್ಬಿಗೆ ಬೇಗ ಒಗ್ಗಿಕೊಳ್ಳುತ್ತದೆ, ಹಾಗಾಗಿ ಮನೆಯೊಳಗೆ ಬೆಳಕು ಸಾಕಷ್ಟಿದೆ ಎಂದೇ ಅನ್ನಿಸುತ್ತದೆ. ಕ್ಯಾಮೆರಾಕ್ಕೆ ಮಾತ್ರ ಸಾಲುವುದಿಲ್ಲ. ಸಾಲದ ಬೆಳಕನ್ನು ತುಂಬಿಸಿಕೊಳ್ಳಲು ಅದು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ಮಗು ತಲೆ ತಿರುಗಿಸಿರುತ್ತದೆ. ನಿಮ್ಮ ಫೋಟೊಗಳು ಶೇಕ್ ಆಗುವುದಕ್ಕೆ ಕಾರಣ ಇಷ್ಟೆ. ಕ್ಯಾಮೆರಾದ ದೋಷವೂ ಅಲ್ಲ, ನಿಮ್ಮ ಕೈಯ ದೋಷವೂ ಅಲ್ಲ.

ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಅದರ ಕಿಟಕಿ ಎಷ್ಟು ಅಗಲ ತೆರೆದುಕೊಳ್ಳುತ್ತದೆ ಎಂಬುದನ್ನು ಹೇಳುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು. ನಿಮ್ಮ ಕಿಟ್ ಲೆನ್ಸ್ 18ರಲ್ಲಿ ಎಫ್/3.5 ತನಕ ತೆರೆಯುತ್ತದೆ, ಝೂಮ್ ಮಾಡಿ 55ಕ್ಕೆ ಬಂದರೆ ಎಫ್/5.6ಕ್ಕೇ ನಿಲ್ಲುತ್ತದೆ. ಮುಖದ ಫೋಟೊಕ್ಕೆಂದು ಎಲ್ಲರೂ ಝೂಮ್ ಮಾಡುವುದು 55ಕ್ಕೇ, ಅಂದರೆ ಕಿಟಕಿ ಅತಿ ಕಿರಿದಾಗುವ ಜಾಗಕ್ಕೆ. ಎಫ್/1.8 ಲೆನ್ಸ್ ಎಫ್/5.6ಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಚಾವಡಿಯಲ್ಲಿ ಐಎಸ್‌ಒ 1600 ಇಟ್ಟಾಗ ಕಿಟ್ ಲೆನ್ಸಿನಲ್ಲಿ ಶಟರ್ ಸೆಕೆಂಡಿನ 1/13 ಬರುತ್ತಿದ್ದರೆ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ 50ರ ಲೆನ್ಸ್ 1/125 ಕೊಡುತ್ತದೆ. 1/13ರಲ್ಲಿ ಕೂತು ಮಾತಾಡುವ ಅಜ್ಜಿಯೂ ಸ್ಪಷ್ಟವಾಗಿ ಬರುವುದಿಲ್ಲ. 1/125ರಲ್ಲಿ ಕೂತು ಆಡುವ ಮಗು ಬರುತ್ತದೆ. ಓಡುವ ಮಗುವಿಗೆ 1/250 ಬೇಕು, ಆಗ ಐಎಸ್‌ಒ 3200ಕ್ಕೆ ಏರಿಸಿ. ಗ್ರೇನ್ ಬರುತ್ತದೆಂದು ಹೆದರಬೇಡಿ. ಗ್ರೇನ್ ಇರುವ ಫೋಟೊವನ್ನು ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬಹುದು, ಶೇಕ್ ಆದ ಫೋಟೊದಲ್ಲಿ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಕಿಟ್ ಲೆನ್ಸಿನ ಮೇಲೆ ಐಎಸ್ ಎಂದು ಬರೆದಿದ್ದರೆ ಅದು ಕೈ ನಡುಗುವುದನ್ನು ತಡೆಯುತ್ತದೆ. ಎದುರಿಗಿರುವವರು ಅಲ್ಲಾಡಿದರೆ ಅದಕ್ಕೆ ಐಎಸ್ ಏನೂ ಮಾಡಲಾರದು. 50ರ ಲೆನ್ಸಿನಲ್ಲಿ ಐಎಸ್ ಇಲ್ಲ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ, ಮಕ್ಕಳ ಫೋಟೊಕ್ಕೆ ಅದು ದೊಡ್ಡ ಕೊರತೆ ಅಲ್ಲ ಎಂದು ತಿಳಿಯಿರಿ.

50ನ್ನೇ ಹೇಳುವುದಕ್ಕೆ ಬೆಳಕಿಗಿಂತ ದೊಡ್ಡ ಕಾರಣವೊಂದಿದೆ, ಅದು ನಿಮ್ಮ ಕೈಯಲ್ಲಿರುವ ಮೊಬೈಲ್. ಇಂದಿನ ಯಾವ ಮೊಬೈಲಿನ ಮುಖ್ಯ ಕ್ಯಾಮೆರಾವೂ ಅಗಲ ನೋಟದ್ದು. ಊಟದ ಪಂಕ್ತಿ, ಅಂಗಳದ ತುಂಬ ಜನ, ಹೊಸ್ತಿನ ದಿನ ಕದಿರು ಕಟ್ಟುವ ಗದ್ದಲ, ಇವೆಲ್ಲ ಮೊಬೈಲಿನಲ್ಲಿ ಚೆನ್ನಾಗಿಯೇ ಬರುತ್ತವೆ. ಬಾರದೆ ಇರುವುದು ಮುಖ. ಅಗಲ ನೋಟದ ಕ್ಯಾಮೆರಾ ಹಿಡಿದು ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು, ನಮ್ಮವರು ನಮ್ಮವರಂತೆ ಕಾಣುವುದಿಲ್ಲ. ನಿಮ್ಮ 1500ಡಿಯ ಸೆನ್ಸರ್ ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದು, ಅಗಲ 22.3 ಮಿಲಿಮೀಟರ್ ಮಾತ್ರ. ಹಾಗಾಗಿ ಅದರ ಮೇಲೆ ಕೂತ 50ರ ಲೆನ್ಸ್ ಫಿಲ್ಮ್ ಲೆಕ್ಕದ 80ರ ನೋಟ ಕೊಡುತ್ತದೆ. ಸ್ಟುಡಿಯೋದವರು ಮುಖದ ಫೋಟೊಕ್ಕೆ ಹಿಂದಿನಿಂದ ಬಳಸುತ್ತ ಬಂದದ್ದು ಇದರ ಆಸುಪಾಸಿನ ಲೆನ್ಸುಗಳನ್ನೇ. ಆರೇಳು ಅಡಿ ದೂರದಲ್ಲಿ ಕೂತು ತೆಗೆಯುವಾಗ ಮುಖದ ಅಳತೆ ಇದ್ದ ಹಾಗೆಯೇ ಬರುತ್ತದೆ. ಕೈಯಲ್ಲಿ ಹಣ ಕಡಿಮೆ ಇರುವಾಗ ಇರುವ ಮೊಬೈಲ್ ಮಾಡುವ ಕೆಲಸಕ್ಕೇ ಮತ್ತೊಮ್ಮೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಅದು ಮಾಡಲಾರದ ಕೆಲಸಕ್ಕೆ ಹಣ ಹಾಕಿ.

ಇನ್ನು ಜಾಗದ ಲೆಕ್ಕ. ಲೆನ್ಸ್ ಕೊಂಡ ಮೇಲೆ ಹೆಚ್ಚಿನವರು ಬೇಸರಪಡುವುದು ಇಲ್ಲೇ. ಚಾವಡಿಯ ಈ ಗೋಡೆಯಿಂದ ಆ ಗೋಡೆಗೆ ಹನ್ನೆರಡು ಅಡಿ ಎಂದಿಟ್ಟುಕೊಳ್ಳಿ. ಅಷ್ಟು ದೂರದಿಂದ 50ರ ಲೆನ್ಸ್ ನೋಡುವುದು ಐದೂಕಾಲು ಅಡಿ ಅಗಲವನ್ನು ಮಾತ್ರ. ಬೆಂಚಿನ ಮೇಲೆ ಒತ್ತಾಗಿ ಕೂತ ಮೂವರು ಸೇರುತ್ತಾರೆ, ನಾಲ್ಕನೆಯವರ ಭುಜ ಕತ್ತರಿಸುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೂ ನಿಂತವರ ತಲೆಯಿಂದ ಪಾದದ ತನಕ ಬರುವುದು ಕಷ್ಟವೇ. ಹತ್ತು ಜನರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸಾಲಿನ ಅಗಲ ಸುಮಾರು ಹದಿನೈದು ಅಡಿಯಾಗುತ್ತದೆ. ಅದಕ್ಕೆ 50ರ ಲೆನ್ಸ್ ಹಿಡಿದು ಮೂವತ್ನಾಲ್ಕು ಅಡಿ ಹಿಂದೆ ಸರಿಯಬೇಕು, ಅಂದರೆ ಚಾವಡಿ, ಜಗಲಿ ದಾಟಿ ಅಂಗಳದ ತುಳಸಿಕಟ್ಟೆಯ ಆಚೆಗೆ. ಅದೇ ಕಿಟ್ ಲೆನ್ಸನ್ನು 18ರಲ್ಲಿ ಇಟ್ಟರೆ ಹನ್ನೆರಡೇ ಅಡಿ ಸಾಕು. 18–55 ಮಾರಬೇಡಿ ಎಂದದ್ದು ಇದಕ್ಕೇ. ಇಡೀ ಕುಟುಂಬದ ಫೋಟೊ ಅಂಗಳದಲ್ಲಿ, ಬೆಳಕಿರುವಾಗ, ಕಿಟ್ ಲೆನ್ಸಿನಲ್ಲಿ. ಒಬ್ಬರು ಇಬ್ಬರ ಫೋಟೊ ಮನೆಯೊಳಗೆ, 50ರಲ್ಲಿ. ಗುಂಪನ್ನು ತೆಗೆಯುವಾಗ ಜಾಗವಿದ್ದರೆ 18ರ ಬದಲು 24ಕ್ಕೆ ತಿರುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. 18ರಲ್ಲಿ ಸಾಲಿನ ಎರಡೂ ತುದಿಯಲ್ಲಿ ನಿಂತವರ ಮುಖ ಮೈ ಅಗಲಕ್ಕೆ ಎಳೆದ ಹಾಗೆ ಕಾಣುತ್ತದೆ, ಆ ತುದಿಯಲ್ಲಿ ನಿಲ್ಲುವುದು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳೇ.

ಈಗ ಪರೀಕ್ಷೆ. ಕಿಟ್ ಲೆನ್ಸಿನ ಝೂಮ್ ಉಂಗುರವನ್ನು 55ರ ಗುರುತಿಗೆ ತಿರುಗಿಸಿ, ಅಲ್ಲಾಡದಂತೆ ಒಂದು ತುಂಡು ಟೇಪ್ ಅಂಟಿಸಿ. ನೋಟದ ಮಟ್ಟಿಗೆ 50ಕ್ಕೂ 55ಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಒಂದು ಭಾನುವಾರ ಇಡೀ ದಿನ ಹಾಗೆಯೇ ಮನೆಯೊಳಗೆ ಹೊರಗೆ ಫೋಟೊ ತೆಗೆಯಿರಿ. ಚಿತ್ರ ಮಬ್ಬಾಗಿ ಬಂದರೂ ಚಿಂತೆಯಿಲ್ಲ, ನೋಡಬೇಕಾದದ್ದು ಬೆಳಕನ್ನಲ್ಲ. ಅಡುಗೆಮನೆಯಲ್ಲಿ ನಿಂತಾಗ ಬೆನ್ನು ಗೋಡೆಗೆ ತಾಗಿತೇ, ಮಕ್ಕಳು ಚೌಕಟ್ಟಿನಿಂದ ಹೊರಗೆ ಹೋಗುತ್ತಲೇ ಇದ್ದರೇ, ಅತ್ತೆಯವರು ಕೂರುವ ಜಾಗದ ಎದುರು ಆರಡಿ ತೆರವಿದೆಯೇ ಎಂದು ನೋಡಿಕೊಳ್ಳಿ. ಮರುದಿನ ಇದನ್ನೇ 35ರ ಗುರುತಿನಲ್ಲಿ ಮಾಡಿ. ಇದರ ಜೊತೆ, ಈವರೆಗೆ ತೆಗೆದ ಫೋಟೊಗಳಲ್ಲಿ ನಿಮಗೆ ಇಷ್ಟವಾದವನ್ನು ಕಂಪ್ಯೂಟರಿನಲ್ಲಿ ತೆರೆದು ಅದರ ವಿವರ ನೋಡಿ. ಪ್ರತಿ ಚಿತ್ರವನ್ನೂ ಎಷ್ಟು ಎಂಎಂನಲ್ಲಿ ತೆಗೆದದ್ದು ಎಂದು ಅದರಲ್ಲೇ ದಾಖಲಾಗಿರುತ್ತದೆ. ಹೆಚ್ಚಿನವು 50, 55 ಎಂದಿದ್ದರೆ ನಿಮ್ಮ ಕಣ್ಣು ಮುಖ ಹುಡುಕುವ ಕಣ್ಣು. ಎಲ್ಲವೂ 18ರಲ್ಲೇ ಇದ್ದು, 55ರಲ್ಲಿ ಉಸಿರು ಕಟ್ಟಿದಂತಾದರೆ 50 ಕೊಳ್ಳಬೇಡಿ. ಆಗ ನಿಮಗೆ ಹೊಂದುವುದು ಕ್ಯಾನನ್ನಿನದೇ ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ. 125 ಗ್ರಾಂ ತೂಕದ, ತೀರ ಚಪ್ಪಟೆಯಾದ ಲೆನ್ಸ್ ಅದು. ಅರ್ಧ ಅಡಿ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಆದರೆ ಅದೇ 24ರಲ್ಲಿ ನಿಮ್ಮ ಕಿಟ್ ಲೆನ್ಸ್ ಬಿಡುವುದಕ್ಕಿಂತ ಅದು ಬಿಡುವ ಬೆಳಕು ಸುಮಾರು ಎರಡು ಪಟ್ಟು ಮಾತ್ರ. 50ರಲ್ಲಿ ಸಿಗುವ ಹತ್ತು ಪಟ್ಟಿನ ಮುಂದೆ ಇದು ಚಿಕ್ಕ ಲಾಭ, ಹಾಗಾಗಿ ನನ್ನ ಒಲವು 50ರ ಕಡೆಗೇ.

55–250 ಹೇಳಿದವರು ದೂರದ್ದನ್ನು ಹತ್ತಿರ ತರುವ ಆಸೆಯಿಂದ ಹೇಳಿರಬೇಕು. ಕಂಬಳದ ಗದ್ದೆಯ ಬದಿಯಲ್ಲಿ, ಹಗಲು ಹೊತ್ತಿನಲ್ಲಿ, ಶಾಲೆಯ ಮೈದಾನದಲ್ಲಿ ಅದು ಒಳ್ಳೆಯ ಲೆನ್ಸ್. 250ರ ತುದಿಯಲ್ಲಿ ಅದೂ ಎಫ್/5.6ಕ್ಕೇ ನಿಲ್ಲುತ್ತದೆ, ಆದ್ದರಿಂದ ಮನೆಯೊಳಗೆ, ರಾತ್ರಿಯ ಯಕ್ಷಗಾನದ ಆಟದಲ್ಲಿ, ಕೋಲದಲ್ಲಿ ನಿಮ್ಮ ಈಗಿನ ಕಷ್ಟವೇ ಮುಂದುವರಿಯುತ್ತದೆ. ಮಗ ಬಾಲಗೋಪಾಲ ವೇಷ ಹಾಕಿ ರಂಗಸ್ಥಳಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ 50 ಹಿಡಿದು ಕೂತವರಿಗೆ ಸಿಗುವ ಚಿತ್ರ, ಹಿಂದೆ 250 ಹಿಡಿದು ನಿಂತವರಿಗೆ ಸಿಗುವುದಿಲ್ಲ. ದೂರ ತೀರ ಹೆಚ್ಚಾದರೆ ಕತ್ತರಿಸಿಕೊಳ್ಳಿ. 1500ಡಿಯದ್ದು 24 ಮೆಗಾಪಿಕ್ಸೆಲ್, ಅಂದರೆ 6000 ಅಗಲ, 4000 ಎತ್ತರದ ಚಿತ್ರ. ನಡುವಿನ ಅರ್ಧ ಅಗಲ, ಅರ್ಧ ಎತ್ತರವನ್ನು ಮಾತ್ರ ಉಳಿಸಿಕೊಂಡರೂ 3000ಕ್ಕೆ 2000 ಸಿಗುತ್ತದೆ. 5×7 ಪ್ರಿಂಟಿಗೆ ಅದು ಧಾರಾಳ.

ನಿಕಾನ್ ಇರುವವರಿಗೆ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಡಿ3400, ಡಿ3500, ಡಿ5600 ಮುಂತಾದ ಕ್ಯಾಮೆರಾಗಳಿಗೆ ನಿಕಾನ್ 2009ರಲ್ಲಿ ತಂದ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ ಹಂಚಿನ ಮನೆಗೆ ಹೇಳಿ ಮಾಡಿಸಿದ ಲೆನ್ಸ್. ಬೆಳಕೂ ಇದೆ, ಚಾವಡಿಯಲ್ಲಿ ಐದಾರು ಜನರೂ ಸೇರುತ್ತಾರೆ. ಕ್ಯಾನನ್ನಿನಲ್ಲಿ ಇದಕ್ಕೆ ಸರಿಸಾಟಿಯಾದ ಅಗ್ಗದ ಲೆನ್ಸ್ ಇದ್ದಿದ್ದರೆ ನಿಮಗೂ ಅದನ್ನೇ ಹೇಳುತ್ತಿದ್ದೆ. ನಿಕಾನಿನವರು ಎಚ್ಚರ ವಹಿಸಬೇಕಾದ್ದು 50 ಎಂಎಂ ಎಫ್/1.8ಡಿ ವಿಷಯದಲ್ಲಿ. ಕೊನೆಯ ಅಕ್ಷರ ಡಿ ಇರುವ ಆ ಹಳೆಯ ಲೆನ್ಸಿನೊಳಗೆ ಮೋಟಾರು ಇಲ್ಲ, ಮೇಲೆ ಹೇಳಿದ ಕ್ಯಾಮೆರಾಗಳೊಳಗೂ ಇಲ್ಲ. ಕಡಿಮೆಗೆ ಸಿಕ್ಕಿತೆಂದು ತಂದರೆ ಆಟೊಫೋಕಸ್ ಕೆಲಸ ಮಾಡುವುದಿಲ್ಲ, ಪ್ರತಿ ಸಲ ಕೈಯಲ್ಲೇ ಉಂಗುರ ತಿರುಗಿಸಬೇಕು. ಆಡುವ ಮಕ್ಕಳ ಹಿಂದೆ ಅದು ಆಗುವ ಕೆಲಸವಲ್ಲ.

ಕ್ಯಾಮೆರಾ ಬದಲಿಸಿ ಎಂದವರ ಮಾತಿನಲ್ಲೂ ಸ್ವಲ್ಪ ಹುರುಳಿದೆ. 2018ರಲ್ಲಿ ಕ್ಯಾನನ್ ಆರ್‌ಎಫ್ ಮೌಂಟನ್ನೂ ನಿಕಾನ್ ಝಡ್ ಮೌಂಟನ್ನೂ ತಂದ ಮೇಲೆ ಎರಡೂ ಕಂಪನಿಗಳ ಗಮನ ಮಿರರ್‌ಲೆಸ್ ಕಡೆಗೇ ಹೋಗಿದೆ. ಆದರೆ ನಿಮ್ಮ ಹಣದಲ್ಲಿ ಅದು ಬರುವುದಿಲ್ಲ, ಬಂದರೂ ಅದರ ಜೊತೆಗಿನ ಕಿಟ್ ಲೆನ್ಸಿನ ಕಿಟಕಿಯೂ ಕಿರಿದೇ. ಇಂದು ಕೊಳ್ಳುವ ಇಎಫ್ 50 ನಾಳೆ ಮಿರರ್‌ಲೆಸ್ ತಂದರೆ ವ್ಯರ್ಥವಾಗುವುದಿಲ್ಲ. ಕ್ಯಾನನ್ನಿನ ಅಡಾಪ್ಟರ್ ಹಾಕಿದರೆ ಆಟೊಫೋಕಸ್ ಸಮೇತ ಅದರ ಮೇಲೂ ನಡೆಯುತ್ತದೆ.

ಇಷ್ಟೆಲ್ಲ ಹೊಗಳಿದ 50ರಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಎಫ್/1.8ರಲ್ಲಿ ಐದಡಿ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಎರಡೂವರೆ ಅಂಗುಲ ಮಾತ್ರ. ಅತ್ತೆಯವರ ತೊಡೆಯ ಮೇಲೆ ಮೊಮ್ಮಗು ಕೂತಿದೆ ಎಂದುಕೊಳ್ಳಿ, ಮಗುವಿನ ಕಣ್ಣಿಗೆ ಫೋಕಸ್ ಮಾಡಿದರೆ ಒಂದು ಗೇಣು ಹಿಂದಿರುವ ಅಜ್ಜಿಯ ಮುಖ ಮಸುಕಾಗುತ್ತದೆ. ಹಿನ್ನೆಲೆ ಬ್ಲರ್ ಆಗುವ ಚೆಂದಕ್ಕೆ ಮರುಳಾಗಿ ಮನೆಯ ಹಿರಿಯರನ್ನೇ ಬ್ಲರ್ ಮಾಡಿದ ಫೋಟೊಗಳು ಎಷ್ಟೋ ಆಲ್ಬಮ್ಮುಗಳಲ್ಲಿವೆ. ಇಬ್ಬರಿದ್ದರೆ ಎಫ್/4ಕ್ಕೆ ಬನ್ನಿ, ಎರಡು ಹೆಜ್ಜೆ ಹಿಂದೆ ಸರಿಯಿರಿ, ಇಬ್ಬರ ಮುಖವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವಂತೆ ಕೂರಿಸಿ. ಹತ್ತಡಿ ದೂರದಲ್ಲಿ ಎಫ್/4 ಇಟ್ಟರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಅಡಿ ಆಳ ಸಿಗುತ್ತದೆ. ಎಫ್/1.8, ಎಫ್/2 ಇರಲಿ ಒಬ್ಬರೇ ಕೂತಾಗ. ಆಗಲೂ ಕ್ಯಾಮೆರಾ ತಾನೇ ಫೋಕಸ್ ಬಿಂದು ಆರಿಸಲು ಬಿಡದೆ ನಡುವಿನ ಒಂದೇ ಬಿಂದುವನ್ನು ಆರಿಸಿ, ಅದನ್ನು ಹತ್ತಿರದ ಕಣ್ಣಿನ ಮೇಲಿಡಿ.

ಬೆಳಕನ್ನು ಹುಡುಕುವುದನ್ನೂ ಕಲಿಯಬೇಕು. ಯಾವ ಲೆನ್ಸ್ ತಂದರೂ ಮನೆಯೊಳಗೆ ಬೆಳಕು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರದಿದ್ದರೆ ಹಣ ದಂಡ. ಹಂಚಿನ ಮನೆಯಲ್ಲಿ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಹೊಡೆಯುವ ಉಪಾಯ ನಡೆಯುವುದಿಲ್ಲ. ತಾರಸಿ ಮನೆಯ ಬಿಳಿ ಸೀಲಿಂಗಿನಿಂದ ಬೆಳಕು ಮರಳಿ ಬರುತ್ತದೆ, ಹೊಗೆ ಹಿಡಿದ ಪಕಾಸು, ರೀಪು, ಹಂಚು ಅದನ್ನು ನುಂಗಿಬಿಡುತ್ತವೆ. ಎದುರಿನಿಂದ ಹೊಡೆದರೆ ನಿಮಗೀಗ ಆಗುತ್ತಿರುವ ಹಾಗೆ ಮುಖ ಬಿಳಿಚಿ, ಹಿಂದೆ ಗೋಡೆಯ ಮೇಲೆ ಕಪ್ಪು ನೆರಳು. ಫ್ಲ್ಯಾಶ್ ಮುಚ್ಚಿಡಿ. ಮಾಡಿನಲ್ಲಿ ಗಾಜಿನ ಹಂಚು ಇದ್ದರೆ ಅದು ಸ್ಟುಡಿಯೋದ ಯಾವ ದೀಪಕ್ಕೂ ಕಡಿಮೆಯಲ್ಲ. ಬಿಸಿಲುಕೋಲು ನೆಲಕ್ಕೆ ಬೀಳುವ ಹೊತ್ತಿನಲ್ಲಿ ಕೋಲಿನ ಒಳಗೆ ಯಾರನ್ನೂ ಕೂರಿಸಬೇಡಿ, ತಲೆ ಬೆಳ್ಳಗಾಗಿ ಕಣ್ಣು ಕಪ್ಪಾಗುತ್ತದೆ. ಅದರಿಂದ ಎರಡು ಮೂರು ಅಡಿ ಆಚೆ ಕೂರಿಸಿ, ಬಿಸಿಲು ಬಿದ್ದ ನೆಲದ ಮೇಲೆ ಒಂದು ಬಿಳಿ ಪಂಚೆ ಹಾಸಿ. ಕೆಂಪು ನೆಲದಿಂದ ಬರುವ ಕೆಂಪು ಛಾಯೆ ಹೋಗಿ, ಕೆಳಗಿನಿಂದ ಮೆದುವಾದ ಬೆಳಕು ಮುಖಕ್ಕೆ ಬರುತ್ತದೆ. ಗಾಜಿನ ಹಂಚು ಇಲ್ಲದಿದ್ದರೆ ಹೆಬ್ಬಾಗಿಲ ಒಳಬದಿ ಒಳ್ಳೆಯ ಜಾಗ, ಕೂತವರ ಮುಖ ಹೊರಗಿನ ಅಂಗಳಕ್ಕೆ ಅರ್ಧ ತಿರುಗಿರಲಿ. ಮೋಡ ಮುಚ್ಚಿದ ದಿನ ಜಗಲಿಯಲ್ಲಿ ಸಿಗುವ ಬೆಳಕು ಇನ್ನೂ ಚೆನ್ನ, ಅದಕ್ಕಾಗಿಯೇ ಮಳೆಗಾಲದಲ್ಲಿ ಕ್ಯಾಮೆರಾ ಕಟ್ಟಿಡಬೇಡಿ ಎನ್ನುವುದು.

ರಾತ್ರಿ ಎಲ್‌ಇಡಿ ಬಲ್ಬಿನಲ್ಲಿ ತೆಗೆದ ಚಿತ್ರದಲ್ಲಿ ಕೆಲವೊಮ್ಮೆ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರನ್ನು 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ.

ಮಕ್ಕಳ ವಿಷಯದಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ ಎನ್ನುತ್ತೇನೆ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಏರ್ಪಡಿಸಿತ್ತು. ಅಲ್ಲಿದ್ದದ್ದು ನಮ್ಮ ನಿಮ್ಮ ಊರಿನ ಮಕ್ಕಳಂಥ ಮಕ್ಕಳೇ. ಆ ಚಿತ್ರಗಳಲ್ಲಿ ಮಕ್ಕಳು ತಮ್ಮ ಪಾಡಿಗೆ ತಾವಿದ್ದಾರೆ, ಯಾರೋ ‘ಇಲ್ಲಿ ನೋಡು, ನಗು’ ಎಂದು ಕೂಗಿದ ಗುರುತು ಕಾಣುವುದಿಲ್ಲ. ಇದಕ್ಕೆ ಬೇಕಾದ್ದು ನೆಲದ ಮೇಲೆ ಕೂರುವ ತಾಳ್ಮೆ. ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು, ಅದು ನಿಮ್ಮನ್ನು ಮರೆಯುವ ತನಕ ಕಾಯಿರಿ. 160 ಗ್ರಾಂನ ಸಣ್ಣ ಲೆನ್ಸ್ ಇದ್ದರೆ ಮಗುವಿಗೂ ಬೇಗ ಮರೆತುಹೋಗುತ್ತದೆ. ಅತ್ತೆಯವರಿಗೂ ಹೀಗೆಯೇ. ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ಕೂರುವ ತಲೆಮಾರು ಅವರದು. ಹೂ ಕಟ್ಟುವಾಗ, ಮೊಮ್ಮಗಳಿಗೆ ಜಡೆ ಹಾಕುವಾಗ ತೆಗೆಯಿರಿ. ಬಿಗಿಯಾಗಿ ಕೂತ ಒಂದು ಫೋಟೊವನ್ನೂ ಅವರ ಇಷ್ಟದಂತೆ ತೆಗೆದುಕೊಡಿ, ತಮ್ಮ ಫೋಟೊ ಎಂದು ಅವರು ಒಪ್ಪುವುದು ಅದನ್ನೇ.

ಈಗ ಖರೀದಿ. ಹೊಸ 50 ಎಸ್‌ಟಿಎಂ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತ ಬಂದಿದೆ. ಮದುವೆ ಫೋಟೊಗ್ರಾಫರುಗಳು ಮಿರರ್‌ಲೆಸ್ಸಿಗೆ ಹೋಗುತ್ತಿರುವುದರಿಂದ ಉಡುಪಿ, ಕುಂದಾಪುರ, ಮಂಗಳೂರಿನಲ್ಲಿ ವಿಚಾರಿಸಿದರೆ ಸೆಕೆಂಡ್ ಹ್ಯಾಂಡ್ ಕೂಡ ಸಿಕ್ಕೀತು. ಹೊಸತರ ಮುಕ್ಕಾಲು ಬೆಲೆ ಕೇಳಿದರೆ ವಾರಂಟಿಗಾಗಿ ಹೊಸತನ್ನೇ ತೆಗೆದುಕೊಳ್ಳಿ. ಅರ್ಧಕ್ಕೆ ಬಂದರೆ ನೋಡಬಹುದು, ಆದರೆ ನೋಡುವುದನ್ನು ಸರಿಯಾಗಿ ನೋಡಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಕತ್ತಲಿನಲ್ಲಿ ಹಿಂಬದಿಯಿಂದ ಮೊಬೈಲ್ ಟಾರ್ಚ್ ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಬೇಕು. ನಾಲ್ಕು ಧೂಳಿನ ಕಣ ಕಂಡರೆ ಲೆಕ್ಕಕ್ಕಿಲ್ಲ. ಜೇಡರ ಬಲೆಯಂಥ ಸಣ್ಣ ಎಳೆಗಳು, ಅಂಚಿನಿಂದ ಒಳಕ್ಕೆ ಕವಲೊಡೆದ ಗೆರೆಗಳು ಕಂಡರೆ ಅದು ಫಂಗಸ್, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಕರಾವಳಿಯಲ್ಲಿ ಎರಡು ಮೂರು ಮಳೆಗಾಲ ಬೀರುವಿನಲ್ಲಿ ಕೂತ ಲೆನ್ಸಿನಲ್ಲಿ ಇದು ಕಾಣುವುದು ಸಾಮಾನ್ಯ. ಆಮೇಲೆ ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ಹತ್ತಿರ ದೂರ ಎರಡಕ್ಕೂ ಫೋಕಸ್ ಮಾಡಿಸಿ. ಎಸ್‌ಟಿಎಂ ಲೆನ್ಸಿನಲ್ಲಿ ಕ್ಯಾಮೆರಾ ಆಫ್ ಇದ್ದಾಗ ಫೋಕಸ್ ಉಂಗುರ ತಿರುಗಿಸಿದರೆ ಏನೂ ಆಗುವುದಿಲ್ಲ. ಅದು ಹಾಳಾಗಿಲ್ಲ, ಅದರ ರಚನೆಯೇ ಹಾಗೆ. ಹತ್ತಿರಕ್ಕೆ ಫೋಕಸ್ ಆದಾಗ ಇದರ ಮುಂಭಾಗ ಒಂದಿಷ್ಟು ಹೊರಗೆ ಬರುತ್ತದೆ, ಆ ಸ್ಥಿತಿಯಲ್ಲಿ ಎಲ್ಲಿಗಾದರೂ ತಾಗಿದರೆ ಒಳಗಿನ ಯಂತ್ರಕ್ಕೆ ಪೆಟ್ಟು. ಚೀಲಕ್ಕೆ ಹಾಕುವ ಮುಂಚೆ ದೂರದ ತೆಂಗಿನ ಮರಕ್ಕೊಮ್ಮೆ ಫೋಕಸ್ ಮಾಡಿದರೆ ಅದು ಒಳಗೆ ಸರಿಯುತ್ತದೆ, ಆಮೇಲೆ ಆಫ್ ಮಾಡಿ.

ಫಂಗಸ್ ಬಗ್ಗೆ ನೀವು ಹೆದರಿರುವುದು ಸರಿಯಾಗಿಯೇ ಇದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನಿನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಬರುತ್ತದೆ. ಲೆನ್ಸಿನ ಗಾಜಿನ ಮೇಲೆ ಕೂತ ಬೂಷ್ಟು ಆಮ್ಲ ಬಿಡುತ್ತದೆ, ಅದು ಗಾಜಿನ ಲೇಪವನ್ನು ತಿನ್ನುತ್ತದೆ. ಶುರುವಿನಲ್ಲೇ ಕಂಡರೆ ಬಿಚ್ಚಿ ಒರೆಸಿಕೊಡುವವರಿದ್ದಾರೆ, ಲೇಪ ತಿಂದ ಮೇಲೆ ಯಾರ ಕೈಯಲ್ಲೂ ಸರಿಯಾಗದು. ಕ್ಯಾಮೆರಾದ ಜೊತೆ ಬಂದ ಬಟ್ಟೆಯ ಚೀಲ, ಚರ್ಮದ ಚೀಲ ತೇವ ಹಿಡಿದಿಡುತ್ತವೆ, ಮಳೆಗಾಲದಲ್ಲಿ ಅದರೊಳಗೆ ಇಡಲೇಬಾರದು. ಬಾಯಿಗೆ ರಬ್ಬರ್ ಪಟ್ಟಿ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಅರ್ಧ ಕಿಲೋ ಸಿಲಿಕಾ ಜೆಲ್ ತಂದು ತೆಳು ಬಟ್ಟೆಯಲ್ಲಿ ಕಟ್ಟಿ ಅದರೊಳಗಿಡಿ. ಕೆಲವೇ ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವನ್ನೂ ಒಳಗಿಡಿ, ಅದು 40ರಿಂದ 50ರ ನಡುವೆ ಇರಬೇಕು. 60 ದಾಟಿದರೆ ಜೆಲ್ ತೇವ ಕುಡಿದು ಸುಸ್ತಾಗಿದೆ ಎಂದರ್ಥ, ಬಣ್ಣವೂ ಬದಲಾಗಿರುತ್ತದೆ. ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಪಾತ್ರೆಯಲ್ಲಿ ಬಿಸಿಮಾಡಬೇಡಿ, ಮಕ್ಕಳ ಕೈಗೂ ಸಿಗದಿರಲಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತನ್ನಿ. ಅಕ್ಕಿಯ ಡಬ್ಬದಲ್ಲಿ ಹೂತಿಡುವ ಸಲಹೆ ಕೇಳಬೇಡಿ, ಅಕ್ಕಿಯ ಹುಡಿ ಲೆನ್ಸಿನೊಳಗೆ ಹೋಗುತ್ತದೆ. ನುಸಿಗುಳಿಗೆಯೂ ಬೇಡ.

ಎಲ್ಲಕ್ಕಿಂತ ಒಳ್ಳೆಯ ಔಷಧಿ ಬಳಕೆ. ವಾರಕ್ಕೊಮ್ಮೆಯಾದರೂ ಡಬ್ಬಿಯಿಂದ ಹೊರಬಂದು ಬೆಳಕು ಗಾಳಿ ಕಂಡ ಲೆನ್ಸಿಗೆ ಫಂಗಸ್ ಹಿಡಿಯುವುದು ಅಪರೂಪ. ಸಮುದ್ರದ ಬದಿಗೆ ಕೊಂಡುಹೋದ ದಿನ ಮನೆಗೆ ಬಂದು ಮೊದಲು ಬ್ಲೋವರಿನಿಂದ ಹೊಯಿಗೆ ಊದಿಸಿ, ಆಮೇಲೆ ಲೆನ್ಸ್ ಒರೆಸುವ ಬಟ್ಟೆಯಿಂದ ಉಪ್ಪುಗಾಳಿಯ ಪೊರೆ ಒರೆಸಿ. ಸೆರಗಿನಲ್ಲಿ, ಪಂಚೆಯ ತುದಿಯಲ್ಲಿ ಒರೆಸಿದರೆ ಅಂಟಿಕೊಂಡ ಮರಳೇ ಗೀರುತ್ತದೆ.

ನಿಮ್ಮ ಹನ್ನೆರಡು ಸಾವಿರದಲ್ಲಿ ಲೆನ್ಸ್, ಡಬ್ಬಿ, ಜೆಲ್, ಮಾಪಕ, ಬ್ಲೋವರ್ ಎಲ್ಲ ಬರುತ್ತವೆ. ಫಿಲ್ಟರ್ ಹಾಕಿಕೊಳ್ಳಿ ಎಂದು ಅಂಗಡಿಯವರು ಒತ್ತಾಯಿಸಿದರೆ 49 ಎಂಎಂ ಅಳತೆಯದ್ದು ಕೇಳಿ, ಆದರೆ ಅದು ಕಡಲತೀರಕ್ಕೆ ಮಾತ್ರ ಬೇಕಾದೀತು. ಆ ಹಣವನ್ನು ಪ್ರಿಂಟಿಗೆ ಇಟ್ಟುಕೊಳ್ಳುವುದು ಮೇಲು. ಹಾರ್ಡ್‌ಡಿಸ್ಕಿನಲ್ಲಿರುವ ಫೋಟೊವನ್ನು ಮನೆಯ ಹಿರಿಯರು ನೋಡುವುದಿಲ್ಲ. ತಿಂಗಳಿಗೆ ನಾಲ್ಕು ಚಿತ್ರ ಆರಿಸಿ 5×7 ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ದಿನ, ಊರು ಬರೆದಿಡಿ.

ಇನ್ನೊಂದು ಮಾತು. ಲೆನ್ಸ್ ಬರುವ ತನಕ ಅತ್ತೆಯವರ ಫೋಟೊ ತೆಗೆಯುವುದನ್ನು ಮುಂದೂಡಬೇಡಿ. ನಾಳೆ ಬೆಳಿಗ್ಗೆ ಅವರನ್ನು ಹೆಬ್ಬಾಗಿಲ ಬಳಿ ಕೂರಿಸಿ, ಕಿಟ್ ಲೆನ್ಸನ್ನು 35ಕ್ಕೆ ಇಟ್ಟು, ಐಎಸ್‌ಒ 1600 ಮಾಡಿ, ಫ್ಲ್ಯಾಶ್ ಮುಚ್ಚಿ ತೆಗೆಯಿರಿ. ಅಷ್ಟು ಬೆಳಕಿನಲ್ಲಿ ಅದೂ ಚೆನ್ನಾಗಿಯೇ ಬರುತ್ತದೆ.